ಗಾಡಿಗೆ ಭೇದಿ ಔಷಧ

ನಮ್ಮ ಮನೆಯಲ್ಲಿ ಅತ್ತೆ ವಿದ್ಯಾರ್ಥಿನಿ, ಸೊಸೆ ಮೇಡಂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ನನ್ನ ಪಾಲಿಗೆ ಇಷ್ಟು ಬೇಗ ನಿಜವಾಗುತ್ತದೆಂದು ನಾನು ಎಣಿಸಿರಲಿಲ್ಲ. ನಾನು ಕಾರು ಕಲಿಸುವವಳು. ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡು ಹೊತ್ತ ಒಂದು ಮುದಿ ಕಾರೇ ನನ್ನ ಅನ್ನ. ಊರಿನ ಅರ್ಧ ಮಂದಿ ಅದರ ಗೇರು ಕಿರುಚಿಸಿಯೇ ಡ್ರೈವರುಗಳಾಗಿದ್ದಾರೆ. ನನಗೆ ತಾಳ್ಮೆ ಕಡಿಮೆ, ಗಂಟಲು ಜೋರು. ಆದರೂ ನನ್ನ ಕೈಯಲ್ಲಿ ಕಲಿತವರು ಫೇಲಾಗುವುದು ಅಪರೂಪ. ಅತ್ತೆಯೊಬ್ಬರೇ ನನ್ನ ಹೆಸರಿಗೆ ಮಸಿ ಬಳಿದಿದ್ದರು, ಅದೂ ಎರಡು ಸಲ.

ಓಡಿಸಲು ಬರುವುದಿಲ್ಲವೆಂದಲ್ಲ. ಅತ್ತೆಯ ರೋಗ ಅತಿವಿನಯ. ಪಕ್ಕದವರು ಏನು ಹೇಳಿದರೂ ಮಾಡಿಯೇ ಬಿಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿ, ಗೇರು ಹಾಕಿ, "ತಪ್ಪಾಯ್ತು ಸಾರ್" ಎಂದರು. ಪರೀಕ್ಷಕರು, ಪಾಪ, "ಪರವಾಗಿಲ್ಲ, ಬಿಡಿ" ಎಂದರು. ಅತ್ತೆ ಬಿಟ್ಟರು. ಕ್ಲಚ್ ಬಿಟ್ಟರು. ಕಾರು ಹಾರಿ ಹೋಗಿ ಸಾರಿಗೆ ಕಚೇರಿಯ ಹೂಕುಂಡಗಳ ನಡುವೆ ನಿಂತಿತು. ಎರಡನೆಯ ಸಲ ಕೆಂಪು ದೀಪದಲ್ಲಿ ನಿಂತಿದ್ದಾಗ ಅದೇ ಪರೀಕ್ಷಕರು ಫೋನಿನಲ್ಲಿ ಹೆಂಡತಿಯ ಮಾತಿಗೆ "ಹೂಂ" ಎಂದರು. ಅತ್ತೆ ಹೊರಟೇಬಿಟ್ಟರು.

"ಈ ಸಲಾನೂ ಆಗಲಿಲ್ಲ ಅಂದ್ರೆ ನಾನಿನ್ನು ಆ ಸೀಟಲ್ಲಿ ಕೂರಲ್ಲ ಕಣೇ," ಎಂದು ಖಡಾಖಂಡಿತವಾಗಿ ಹೇಳಿದ್ದರು. ಆಡಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ ಅವರು. ದಿನವಿಡೀ ನಾನು ಕಲಿಯುವವರ ಜೊತೆ ರಸ್ತೆಯಲ್ಲಿ, ಹಾಗಾಗಿ ಎಲ್ಲಿಗೆ ಹೋಗಬೇಕಾದರೂ ಅತ್ತೆ ನನ್ನ ಗಂಡನನ್ನು ಕೇಳಬೇಕು. ಅವರು ಒಳ್ಳೆಯ ಮಗನೇ, ಇಲ್ಲವೆನ್ನುವುದಿಲ್ಲ. "ಎಲ್ಲಿಗಮ್ಮಾ? ಯಾಕೆ? ನಾಳೆ ಹೋದ್ರಾಗಲ್ವಾ?" ಎಂದು ಕೇಳಿ, ಕೀಲಿ ಹುಡುಕುತ್ತಾ ಒಂದು ನಿಟ್ಟುಸಿರು ಬಿಡುತ್ತಾರೆ. ಆ ಉಸಿರು ಕೇಳಿ ಅತ್ತೆ ಮೆಟ್ಟಿದ ಚಪ್ಪಲಿ ಬಿಚ್ಚಿ ಒಳಗೆ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಕಾರಿನ ಸಂಗತಿ. ಕಲಿಯುವವರ ಕಾರು ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಮುಖಕ್ಕೆ ಗಾಳಿ ಹೊಡೆಯದೆ ಎಂಜಿನ್ ಕಾಯುತ್ತದೆ. ಬೇಸಿಗೆ ಶುರುವಾದಾಗಿನಿಂದ ಬಿಸಿ ತೋರಿಸುವ ಮುಳ್ಳು ಇಳಿಯಲೊಲ್ಲದು. ರೇಡಿಯೇಟರಿನ ಮುಚ್ಚಳ ತೆಗೆದು ಇಣುಕಿದರೆ ಒಳಗೆ ನೀರಿಗಿಂತ ತುಕ್ಕಿನ ಕೆಸರೇ ಜಾಸ್ತಿ. ಬಿಡಿಭಾಗದ ಅಂಗಡಿಯವನು ಒಂದು ಸೀಸೆ ಕೊಟ್ಟ. "ಇದನ್ನ ಸುರಿದು, ಹೀಟರ್ ಫುಲ್ ಇಟ್ಟು ಒಂದು ಅರ್ಧ ಗಂಟೆ ಸುತ್ತಾಡಿ. ಗಾಡಿ ತಣ್ಣಗಾದ ಮೇಲೆ ನೀರೆಲ್ಲ ಇಳಿಸಿ ತೊಳೀರಿ. ಕೊಳೆಯೆಲ್ಲ ಕಿತ್ಕೊಂಡು ಬರತ್ತೆ ಮೇಡಂ," ಎಂದ.

ಅತ್ತೆಯ ಮೂರನೆಯ ಪರೀಕ್ಷೆ ಇದ್ದದ್ದು ಮಧ್ಯಾಹ್ನ. ಬೆಳಿಗ್ಗೆಯೇ ಈ ಕೆಲಸ ಮುಗಿಸಿಬಿಡೋಣವೆಂದು ಸೀಸೆಯನ್ನು ರೇಡಿಯೇಟರಿಗೆ ಸುರಿದೆ. ಅತ್ತೆ ಕನ್ನಡಕ ಏರಿಸಿ ಖಾಲಿ ಸೀಸೆಯ ಮೈಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿದರು.

"ಅಂದ್ರೆ ಗಾಡಿಗೆ ಭೇದಿ ಔಷಧ ಅನ್ನು."

"ಹಾಗೇ ಅಂದ್ಕೊಳ್ಳಿ ಅತ್ತೆ. ಹೀಟರ್ ಮಾತ್ರ ಆರಿಸಬಾರದು, ಎಂಜಿನ್ ಬಿಸಿ ಅದರಿಂದಲೇ ಹೊರಗೆ ಹೋಗೋದು."

ಎಂಜಿನ್ ಚಾಲೂ ಮಾಡಿದ್ದಷ್ಟೇ, ಸಾರಿಗೆ ಕಚೇರಿಯಿಂದ ಫೋನು. ಸಾಹೇಬರಿಗೆ ಮಧ್ಯಾಹ್ನ ಮೀಟಿಂಗ್ ಇದೆಯಂತೆ. ಬರುವುದಾದರೆ ಈಗಲೇ ಬರಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು.

"ಹೊಟ್ಟೆ ಕೆಟ್ಟೋರನ್ನ ಮೆರವಣಿಗೆಗೆ ಕರ್ಕೊಂಡು ಹೋದ ಹಾಗಾಯ್ತಲ್ಲೇ!" ಎಂದರು ಅತ್ತೆ.

"ಹಾಗಾದ್ರೆ ಮುಂದಿನ ತಿಂಗಳು ಹೋಗೋಣ್ವಾ?"

ಅತ್ತೆ ಸೀಟ್ ಬೆಲ್ಟ್ ಹಾಕಿಕೊಂಡರು.

ಈ ಸಲವೂ ಅದೇ ಪರೀಕ್ಷಕರು, ದಪ್ಪ ಮನುಷ್ಯ. ತುಂಬು ತೋಳಿನ ಅಂಗಿ, ಕುತ್ತಿಗೆಯವರೆಗೂ ಗುಂಡಿ. ಅವರು ಮುಂದೆ ಕೂತರು, ನಾನು ಹಿಂದೆ. ಕಲಿಸಿದವರು ಹಿಂದಿನಿಂದ ತುಟಿ ಬಿಚ್ಚಿದರೆ ಪರೀಕ್ಷೆ ಅಲ್ಲಿಗೇ ರದ್ದು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಹೀಟರು ಬುಸುಗುಡುತ್ತಿತ್ತು.

"ಏನ್ರೀ ಇದು, ಒಲೆ ಬಾಯಲ್ಲಿ ಕೂತ ಹಾಗಿದೆ! ಆರಿಸ್ರೀ ಅದನ್ನ!"

ಅವರ ಮಾತು ಮುಗಿಯುವ ಮೊದಲೇ ಅತ್ತೆಯ ಕೈ ಹೀಟರು ಆರಿಸಿಯಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಮುಳ್ಳು ಮೇಲಕ್ಕೆ ಸರಿಯುತ್ತಿತ್ತು. ಕನ್ನಡಿಯಲ್ಲಿ ಅತ್ತೆಯ ಕಣ್ಣು ಕಂಡಿತು. ಅವರೂ ಮುಳ್ಳನ್ನೇ ನೋಡುತ್ತಿದ್ದರು, ಮತ್ತೆ ರಸ್ತೆ, ಮತ್ತೆ ಮುಳ್ಳು. ನಾಲಿಗೆ ತುದಿಗೆ ಬಂದದ್ದನ್ನು ನಾನು ಹೇಗೆ ನುಂಗಿದೆನೋ ನನಗೇ ಗೊತ್ತು.

ಅತ್ತೆ ಮೆಲ್ಲಗೆ ಕೈಚಾಚಿ ಹೀಟರನ್ನು ಮತ್ತೆ ಪೂರ್ತಿ ತಿರುಗಿಸಿದರು.

"ಆರಿಸಿ ಅಂದ್ನಲ್ಲ?"

"ಆಗಲ್ಲ ಸಾರ್. ಗಾಡಿಗೆ ಭೇದಿ ಔಷಧ ಕೊಟ್ಟಿದೀವಿ. ಅದು ಕೆಲಸ ಮುಗಿಸೋವರೆಗೂ ಇದು ಉರೀಲೇಬೇಕು."

"ಏನು ಕೊಟ್ಟಿದೀರಿ?"

"ಕಿಟಕಿ ಇಳಿಸ್ಕೊಳ್ಳಿ ಸಾರ್, ಗಾಳಿ ಬರತ್ತೆ."

ಪರೀಕ್ಷಕರು ಕಿಟಕಿ ಇಳಿಸಿದರು. ಇಳಿಸಿದ ಮೇಲೆ, ಹೇಳಿದ್ದು ಯಾರು ಕೇಳಿದ್ದು ಯಾರು ಎಂದು ಹೊಳೆದವರಂತೆ ಒಮ್ಮೆ ಅತ್ತೆಯ ಕಡೆ ನೋಡಿದರು. ಅತ್ತೆ ಅದನ್ನು ಗಮನಿಸಲೂ ಇಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡಿಸಿದರು, ಎರಡು ಕಾರುಗಳ ನಡುವೆ ಹಿಮ್ಮುಖವಾಗಿ ನುಗ್ಗಿಸಿದರು, ಒಂದು ಗೀರೂ ಇಲ್ಲ. ಅಷ್ಟು ಚೆನ್ನಾಗಿ ಅವರು ನನ್ನೆದುರು ಎಂದೂ ಓಡಿಸಿರಲಿಲ್ಲ. ನಾನು ಎಂದೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಿಲ್ಲ, ಅದೂ ನಿಜ.

ಆದರೆ ಔಷಧ ತನ್ನ ಕೆಲಸವನ್ನು ಸ್ವಲ್ಪ ಹೆಚ್ಚಾಗಿಯೇ ಮಾಡಿತ್ತು. ಕಿತ್ತುಬಂದ ಕೆಸರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹೋಗಿ ಸಿಕ್ಕಿಕೊಂಡಿರಬೇಕು. ಕಚೇರಿ ಇನ್ನೇನು ಬಂತು ಅನ್ನುವಾಗ ಮುಳ್ಳು ಕೆಂಪಿಗೆ ತಾಗಿತು. ಅತ್ತೆ ಸಿಗ್ನಲ್ ಹಾಕಿ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ನಿಲ್ಲಿಸಿ ಅಂತ ನಾನು ಹೇಳಿದ್ನಾ?"

"ಇಲ್ಲ ಸಾರ್."

"ಮತ್ತೆ? ಕಚೇರಿ ಗೇಟು ಅಲ್ಲೇ ಕಾಣ್ತಿದೆ. ಬಿಡಿ, ಬಿಡಿ."

ಆ ಹಾಳು ಮಾತು ಮತ್ತೆ ಬಂತು. ಹೂಕುಂಡಗಳು ಕಣ್ಣೆದುರು ಕುಣಿದವು. ಅತ್ತೆ ಎಂಜಿನ್ ಆರಿಸಿ, ಕೀಲಿ ತೆಗೆದು, ಮುಷ್ಟಿಯಲ್ಲಿ ಹಿಡಿದುಕೊಂಡರು.

"ಬಿಡಲ್ಲ ಸಾರ್. ಎಂಜಿನ್ ಸತ್ತು ಹೋಗತ್ತೆ. ನನ್ನ ಸೊಸೆ ಅನ್ನ ಇದು."

ಪರೀಕ್ಷಕರು ಮುಖ ಕೆಂಪಗೆ ಮಾಡಿಕೊಂಡು ಇಳಿದರು. ಬಾನೆಟ್ ಎತ್ತಿಸಿದರು. ನೀರು ಹಾಕಿದರೆ ಎಲ್ಲ ಸರಿಹೋಗುತ್ತದೆಂದು ಕರವಸ್ತ್ರ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲಿಟ್ಟರು. ಪಟಾರ್ ಎಂದು ಸದ್ದು. ಅತ್ತೆ ಅವರ ಕೈಗೆ ಬಾರಿಸಿದ್ದರು.

"ಕೈ ತೆಗೀರಿ! ಕುಕ್ಕರ್ ಕೂಗ್ತಿರುವಾಗ ಮುಚ್ಚಳ ತೆಗೀತೀರಾ ಮನೇಲಿ? ಮುಖ ಬೆಂದು ಹೋಗತ್ತೆ!"

ಹೊಡೆದಾದ ಮೇಲೆ ತಾನು ಹೊಡೆದದ್ದು ಯಾರಿಗೆಂದು ಅವರಿಗೆ ಅರಿವಾಯಿತು. ಮುಖ ಬಿಳಿಚಿಕೊಂಡಿತು. ನಾನಂತೂ ಲೈಸೆನ್ಸಿನ ಆಸೆ ಅಲ್ಲಿಗೇ ಕೈಬಿಟ್ಟೆ. ಮೂವರೂ ರಸ್ತೆ ಬದಿಯ ಮೋಟುಗೋಡೆಯ ಮೇಲೆ ಸಾಲಾಗಿ ಕೂತೆವು. ಪರೀಕ್ಷಕರು ಕತ್ತಿನ ಗುಂಡಿ ಬಿಚ್ಚಿ ಬೆವರು ಒರೆಸಿಕೊಂಡರು.

"ಮನೇಲಿ ನನ್ನನ್ನ ಅಡುಗೆಮನೆ ಒಳಗೆ ಸೇರಿಸೋದೇ ಇಲ್ಲ," ಎಂದರು ಕೊನೆಗೆ. "ಯಾಕೆ ಅಂತ ಈಗ ಗೊತ್ತಾಯ್ತು."

ಅತ್ತೆ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು.

"ನೋಡೀಮ್ಮಾ, ಹಿಂದಿನ ಎರಡು ಸಲ ಗಾಡಿ ಓಡಿಸಿದ್ದು ನೀವಲ್ಲ, ನಾನು. ನಾನೇ ಫೇಲಾದೆ. ಇವತ್ತು ನೀವು ಓಡಿಸಿದ್ರಿ. ಪಾಸು." ಎದ್ದು, ಬೆನ್ನಿಗೆ ಅಂಟಿದ ಅಂಗಿಯಲ್ಲಿ ಕಚೇರಿಯ ಕಡೆ ನಡೆದುಕೊಂಡೇ ಹೋದರು.

"ಪಾಸಂತೆ ಕಣೇ," ಎಂದರು ಅತ್ತೆ, ನಾನು ಕೇಳಿಸಿಕೊಂಡೇ ಇಲ್ಲವೇನೋ ಎಂಬಂತೆ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ಸುಲಭಕ್ಕೆ ಅಳುವವಳಲ್ಲ ನಾನು. ಆವತ್ತು ನಾನೂ ಅತ್ತೆ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಡಿಕ್ಕಿಯಲ್ಲಿದ್ದ ಬೋಗುಣಿಯನ್ನು ಕೆಳಗೆ ಇಟ್ಟು ರೇಡಿಯೇಟರಿನ ನೀರು ಇಳಿಸಿದೆ. ಬಂದದ್ದು ನೀರೋ ಇಟ್ಟಿಗೆಯ ರಾಡಿಯೋ ಹೇಳುವುದು ಕಷ್ಟ. ಅದನ್ನು ಡಬ್ಬಕ್ಕೆ ತುಂಬಿಸಿಟ್ಟು, ಕಚೇರಿಯ ನಲ್ಲಿಯಿಂದ ಅತ್ತೆ ಕೊಡಗಟ್ಟಲೆ ನೀರು ಹೊತ್ತು ತಂದು ಕೊಟ್ಟಂತೆಲ್ಲ ತಿಳಿಯಾಗುವವರೆಗೆ ತೊಳೆದೆ. ಸೀಸೆಯ ಜೊತೆಗೇ ಕೊಂಡಿಟ್ಟಿದ್ದ, ಎಂಜಿನ್ ತಣಿಸುವ ಹೊಸ ಕೂಲೆಂಟ್ ತುಂಬಿಸಿ ಚಾಲೂ ಮಾಡಿದಾಗ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಹೀಟರು ಆರಿಸಿದೆವು.

ಅತ್ತೆಯೇ ಓಡಿಸಿದರು. ಮನೆಗೆ ಎಡಕ್ಕೆ ಹೋಗಬೇಕು. ಅವರು ಬಲಕ್ಕೆ ತಿರುಗಿಸಿದರು.

"ಎಲ್ಲಿಗೆ ಅತ್ತೆ? ಯಾಕೆ ಈ ಕಡೆ?"

"ಎಲ್ಲಿಗೂ ಇಲ್ಲ. ಸುಮ್ಮನೆ."

ಸುಮ್ಮನೆ ಹೋಗಿಬರಬೇಕೆಂದು ಯಾರನ್ನಾದರೂ ಕೇಳಲಾಗುತ್ತದೆಯೇ? ಕೇಳುವವರಿಗೆ ಕಾರಣ ಬೇಕು. ಈ ಮನೆಗೆ ನಾನು ಬಂದಾಗಿನಿಂದ ಅತ್ತೆ ಆಸ್ಪತ್ರೆಗೆ ಹೋಗಿದ್ದರು, ಬ್ಯಾಂಕಿಗೆ ಹೋಗಿದ್ದರು, ಮದುವೆಗೆ, ಸಾವಿಗೆ ಹೋಗಿದ್ದರು. ಸುಮ್ಮನೆ ಎಲ್ಲಿಗೂ ಹೋಗಿರಲಿಲ್ಲ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ನನ್ನ ಬಲಗಾಲು ಅಭ್ಯಾಸಬಲದಿಂದ ಅದರ ಮೇಲೇ ಇತ್ತು. ನಾನು ಎರಡೂ ಕಾಲು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.