ಹಿಟ್ಟಿನ ಗಿರಣಿಯ ಹಿಂದಿನ ಮನೆ

ನಾನು ಒಂದು ಇನ್‌ಪುಟ್ ಟೈಪ್. ಕಂಪ್ಯೂಟರಿಗೆ ಬರುವ ಮಾಹಿತಿಯನ್ನು ತಡೆದು ನೋಡಿ, ಸರಿಯಿದ್ದರೆ ಮಾತ್ರ ಒಳಗೆ ಬಿಡುವುದು ನನ್ನ ಕೆಲಸ. ಗದಗಿನ ಒಂದು ಸಣ್ಣ ಆಂಬುಲೆನ್ಸ್ ಸೇವೆಗಾಗಿ ಸುನಂದಾ ಹಾವನೂರ ಎಂಬವರು ನನ್ನನ್ನು ಬರೆದರು. ‘ವಿಳಾಸ’ ಎಂದು ಹೆಸರಿಟ್ಟರು. ಓಣಿಯ ಹೆಸರಿಗೆ ಬೇರೆ ಜಾಗವಿತ್ತು; ಓಣಿಯೊಳಗಿನ ಮನೆಗೆ ಕೆಲವರು ನಂಬರ್ ಹೇಳುತ್ತಾರೆ, ಕೆಲವರು ಬೇವಿನ ಗಿಡದ ಗುರುತು ಹೇಳುತ್ತಾರೆ. ಅದಕ್ಕೇ ನನಗೆ ಎರಡು ರೂಪ: ನಂಬರ್, ಇಲ್ಲವೇ ಗುರುತು. ಯಾವುದಾದರೂ ಒಂದೇ ಇರಬೇಕು, ಎರಡೂ ಬಂದರೆ ಮರಳಿಸು ಎಂದು ಕಲಿಸಿದರು. ನನ್ನ ಅಚ್ಚುಕಟ್ಟಿಗೆ ನಾನೇ ಬೀಗುತ್ತಿದ್ದೆ.

ಅಲ್ಲಿಂದ ಫೋನ್ ಎತ್ತುವ ಶಾಂತವ್ವನ ಕೈಗೆ ಬಂದೆ. ಮದುವೆ ಕಾರ್ಡಿನ ಮೇಲೂ ನಂಬರ್, ಗುಡಿ, ಎದುರಿನ ಅಂಗಡಿ ಎಲ್ಲ ಬರೆಯುವ ಹೆಂಗಸು ಆಕೆ. ದಿನಕ್ಕೆ ಹತ್ತು ಸಲ ಎರಡೂ ತುಂಬುವಳು, ಹತ್ತು ಸಲವೂ ನಾನು ಮರಳಿಸುವೆ.

“ಭಾಳ ಹಟಮಾರಿ ಅದಿ ಬಿಡಪಾ!” ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳ ಫೋನ್ ಬಂತು. ಗಂಡನಿಗೆ ಎದೆನೋವು. ಮೊದಲು ಓಣಿಯ ಹೆಸರು ಹೇಳಿದಳು.

“ನಲವತ್ತೇಳ್ ನಂಬರ್ರೀ, ಹಿಟ್ಟಿನ ಗಿರಣಿ ಹಿಂದ. ಲಗೂನ ಬರ್ರೀ ಯಕ್ಕಾ!”

ಶಾಂತವ್ವ ಎರಡೂ ತುಂಬಿದಳು. ನಾನು ಮರಳಿಸಿದೆ. ಗಡಿಬಿಡಿಯಲ್ಲಿ ಗಿರಣಿಯನ್ನು ಅಳಿಸಿ ನಂಬರ್ ಉಳಿಸಿದಳು. ಒಳಗೆ ಬಿಟ್ಟೆ. ಆ ಓಣಿಯಲ್ಲಿ ಮನೆಗೆ ಹಳೆಯ ನಂಬರ್ ಒಂದು, ಹೊಸದೊಂದು. ಗಾಡಿ ಹೊಸ ನಲವತ್ತೇಳರ ಮುಂದೆ ನಿಂತಿತು, ಬಾಗಿಲಿಗೆ ಬೀಗ. ಹಳೆಯ ನಲವತ್ತೇಳು ಓಣಿಯ ಆ ತುದಿಗಿತ್ತು, ಗಿರಣಿಯ ಹಿಂದೆ. ಹುಡುಕಿಕೊಂಡು ಹೋಗುವಷ್ಟರಲ್ಲಿ ಆತನ ಜೀವ ಹೋಗಿತ್ತು.

ಎಲ್ಲರೂ ಶಾಂತವ್ವನನ್ನೇ ಬೈದರು.

“ನಾ ಎರಡೂ ಬರದಿದ್ದೆನ್ರೀ ಮೇಡಂ,” ಎಂದು ಆಕೆ ಸುನಂದಾ ಎದುರು ಅತ್ತಳು. “ಅದು ಒಂದ ಇರ್ಲಿ ಅಂತ ಹೊಳ್ಳಿ ಕಳಸ್ತು.”

ಸುನಂದಾ ನನ್ನನ್ನು ಪರದೆಯ ಮೇಲೆ ತೆರೆದು, ‘ಎರಡೂ ಬಂದರೆ ಮರಳಿಸು’ ಎಂದು ತಾವೇ ಬರೆದಿದ್ದ ಸಾಲನ್ನು ಓದಿದರು. ನನಗೆ ಅಳು ಬರುವಂತಿದ್ದರೆ ಅಂದು ಅತ್ತುಬಿಡುತ್ತಿದ್ದೆ.

ಈಗ ನನ್ನ ಜಾಗದಲ್ಲಿ ಹೊಸಬನಿದ್ದಾನೆ. ಜನ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ತೆಗೆದುಕೊಳ್ಳುತ್ತಾನೆ. ನನ್ನ ಹಣೆಗೆ ‘ಬಳಸಬೇಡಿ’ ಎಂದು ಬರೆದು ಮೂಲೆಗೆ ಸರಿಸಿದ್ದಾರೆ. ಅದರ ಕೆಳಗೆ ಸುನಂದಾ ಒಂದು ಸಾಲು ಸೇರಿಸಿದ್ದಾರೆ: ‘ಶಾಂತವ್ವ ಸರಿಯಾಗಿಯೇ ಬರೆದಿದ್ದರು. ತಪ್ಪು ನನ್ನದು.’

ಅವರು ಹಾಗೆ ಬರೆದುಕೊಂಡರು. ನಾನು ಮಾತ್ರ ಆ ಹೆಣ್ಣುಮಗಳ ಮಾತನ್ನೇ ನೆನೆಯುತ್ತ ಬಿದ್ದಿದ್ದೇನೆ. ಹಿಟ್ಟಿನ ಗಿರಣಿ ಹಿಂದೆ. ಆಕೆ ಸರಿಯಾಗಿ ಹೇಳಿದ್ದಳು, ನನ್ನವರೆಗೂ ಬಂದಿತ್ತು.