ಇಸ್ತ್ರಿ ಹಾಕಿದ ಸಂಚಿಕೆ

ಹೇಮಂತ ತೀರಿಹೋದದ್ದು ಯುಗಾದಿಯ ಆಸುಪಾಸಿನಲ್ಲಿ. ಈಗ ಗಣಪತಿ ಹಬ್ಬವೂ ಮುಗಿದಿತ್ತು. ಈ ನಡುವೆ ಅವನ ಹೆಂಡತಿ ಶಶಿರೇಖಾ ಒಂದು ದಿನವೂ ಕಣ್ಣೀರು ಹಾಕಿರಲಿಲ್ಲ. ನೆಂಟರು ಮೊದಮೊದಲು ಗಟ್ಟಿಗಿತ್ತಿ ಅಂದರು, ಆಮೇಲೆ ಕಲ್ಲು ಅಂದರು. ಎರಡೂ ಕಿವಿಗೆ ಬಿದ್ದವು, ಯಾವುದೂ ಒಳಗೆ ಇಳಿಯಲಿಲ್ಲ. ನೀರು ಹಿಡಿಯುವುದು, ಅತ್ತೆಗೆ ಮುದ್ದೆ ಕಟ್ಟಿಕೊಡುವುದು, ಅಟ್ಟೂರಿನ ಬಾಡಿಗೆ ಮನೆಯ ಮುಂಗೋಣೆಯಲ್ಲಿ ಕೂತು ಬ್ಲೌಸ್ ಹೊಲಿಯುವುದು, ಎಲ್ಲವೂ ನಡೆಯುತ್ತಿತ್ತು. ಬೇರೆ ಯಾರೋ ಮಾಡುತ್ತಿರುವುದನ್ನು ತಾನು ಕೂತು ನೋಡುತ್ತಿರುವ ಹಾಗೆ ಅವಳಿಗೆ ಅನ್ನಿಸುತ್ತಿತ್ತು.

ಮನಸ್ಸು ಸ್ವಲ್ಪವಾದರೂ ಓಡುತ್ತಿದ್ದದ್ದು ಒಂದೇ ಕಡೆ. ಮೇನ್ ರೋಡಿನಲ್ಲಿ ಮುನಿವೆಂಕಟಯ್ಯನವರ ಮಳಿಗೆ ಖಾಲಿಯಾಗಿತ್ತು. ಮುಂಗೋಣೆಗೆ ಬರುವವರು ಬೀದಿಯ ಹೆಂಗಸರಷ್ಟೇ. ಮೇನ್ ರೋಡಿಗೆ ಮಿಷನ್ ಹೋದರೆ ಮನೆಯ ಎರಡು ಹೊಟ್ಟೆ ನೆಮ್ಮದಿಯಾಗಿ ತುಂಬುತ್ತವೆ. "ಅಡ್ವಾನ್ಸ್ ತಂದ್ಕೊಡಮ್ಮ, ಬೀಗದ ಕೈ ಕೊಡ್ತೀನಿ. ಈ ವಾರ ಕಾಯ್ತೀನಿ. ಆಮೇಲೆ ಪಾನಿಪುರಿಯವನಿಗೆ," ಎಂದಿದ್ದರು ಮುನಿವೆಂಕಟಯ್ಯ.

ಮನೆಯಲ್ಲಿ ಬೆಲೆ ಬಾಳುವಂಥದ್ದು ಅಂತ ಇದ್ದದ್ದು ಮಂಚದ ಕೆಳಗಿನ ಟ್ರಂಕು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಹೇಮಂತ ಹುಡುಗನಾಗಿದ್ದಾಗಿನಿಂದ ಕೂಡಿಟ್ಟಿದ್ದ ಮಕ್ಕಳ ಕಾಮಿಕ್ಸ್ ಅದರಲ್ಲಿದ್ದವು. ಎಲ್ಲಕ್ಕೂ ಮೇಲೆ 'ಮಿಂಚುಳ್ಳಿ ಚಿತ್ರಮಾಲೆ'ಯ ಮೊದಲ ಸಂಚಿಕೆ, ಕಪ್ಪು ಮುಖಪುಟದ ಮೇಲೆ ಬಿಳಿ ಕುದುರೆ. "ಇದು ಒರಿಜಿನಲ್ ಕಣೇ, ಯಾರೂ ಕೈ ಇಟ್ಟಿಲ್ಲ," ಎಂದು ಎಷ್ಟು ಸಲ ಹೇಳಿದ್ದನೋ. ಆರ್.ಟಿ. ನಗರದಲ್ಲಿ ಹಳೆ ಕಾಮಿಕ್ಸ್ ಕೊಂಡು ಮಾರುವ ಜಿಯಾವುಲ್ಲಾ ಫೋನಿನಲ್ಲಿ ಅದರ ಫೋಟೋ ನೋಡಿ ಒಂದು ರೇಟು ಹೇಳಿದ್ದ. ಮಳಿಗೆಯ ಅಡ್ವಾನ್ಸಿಗೆ ಅಷ್ಟೇ ಸಾಕಾಗಿತ್ತು. ಬಂದು ಕಣ್ಣಾರೆ ನೋಡಿ ದುಡ್ಡು ಕೊಡುತ್ತೇನೆ ಎಂದಿದ್ದ.

ಬರುವವನ ಮುಂದೆ ಹೀಗೇ ಇಡುವುದು ಹೇಗೆ? ಪ್ರತಿ ಆಯುಧ ಪೂಜೆಗೂ ಅತ್ತೆ ಮುನಿನಾರಾಯಣಮ್ಮ ಟ್ರಂಕು ತೆಗೆದು ಪುಸ್ತಕಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಹೇಮಂತ ಕೂಗಾಡುತ್ತಿದ್ದ, ಅವರು ಹಚ್ಚುತ್ತಿದ್ದರು. ಬಿಳಿ ಕುದುರೆಯ ಹಣೆ ಪೂರ್ತಿ ಕೆಂಪಾಗಿತ್ತು. ಶಶಿರೇಖಾ ಹಳೆ ರೇಷ್ಮೆ ಸೀರೆಗಳ ಕಲೆ ತೆಗೆದು ಕೊಡುತ್ತಿದ್ದವಳು. ಅರಿಶಿನವನ್ನು ಬಿಸಿಲಿಗೆ ಬಿಟ್ಟು ತೆಗೆದಳು. ಕುಂಕುಮವನ್ನು ಮೆಡಿಕಲ್ ಶಾಪಿನ ಔಷಧಿ ಹಚ್ಚಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆದಳು. ತುಕ್ಕು ಹಿಡಿದ ಪಿನ್ನು ಕಿತ್ತು ಹೊಸದು ಹೊಡೆದಳು. ಹರಿದಲ್ಲಿ ಗೋಂದು ಹಾಕಿ ತೆಳು ಕಾಗದ ಅಂಟಿಸಿದಳು. ಅಂಚು ಚಿಂದಿಯಾಗಿತ್ತು, ಬಟ್ಟೆ ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿ ನೇರ ಮಾಡಿದಳು. ಕೊನೆಗೆ ಮೇಲೊಂದು ತೆಳು ಮಲ್ಲು ಬಟ್ಟೆ ಹಾಸಿ ಇಸ್ತ್ರಿ ಹಾಕಿದಳು. ಗಂಡ ಜೀವ ಇಟ್ಟುಕೊಂಡಿದ್ದ ಪುಸ್ತಕ ಅದು. ಏನೂ ಅನ್ನಿಸಲಿಲ್ಲ.

ಮಾರನೆಯ ದಿನ ಬಂದ ಜಿಯಾವುಲ್ಲಾ ಪುಸ್ತಕ ಕೈಗೆ ತಗೊಂಡವನು ಟೀ ಲೋಟ ಕೆಳಗಿಟ್ಟ.

"ಅಕ್ಕಾ, ಫೋಟೋದಲ್ಲಿದ್ದಿದ್ದು ಇದೇನಾ?"

"ಇದೇ. ಸ್ವಲ್ಪ ಸರಿ ಮಾಡಿದೀನಿ."

"ಸರಿ ಮಾಡಿದ್ರಾ!" ಎಂದವನೇ ಹಣೆ ಹಿಡಿದುಕೊಂಡ. "ಯಾ ಅಲ್ಲಾ."

"ಏನಾಯ್ತಪ್ಪ? ಒಸಾದು ಇದ್ದಂಗೈತಲ್ಲ," ಎಂದರು ಮುನಿನಾರಾಯಣಮ್ಮ.

"ಅದೇ ಅಜ್ಜೀ ತೊಂದ್ರೆ. ಅರವತ್ತು ವರ್ಷದೋನು ಹಲ್ಲು ಕಟ್ಟಿಸ್ಕೊಂಡು, ಕೂದ್ಲಿಗೆ ಬಣ್ಣ ಬಳ್ಕೊಂಡು ಹೆಣ್ಣು ನೋಡೋಕೆ ಬಂದಂಗೆ."

"ನಮ್ಮನೆಯೋರೂ ಅಂಗೇ ಬಂದಿದ್ದು. ನಾನು ಒಪ್ಕಳ್ಳಿಲ್ವಾ?"

ಜಿಯಾವುಲ್ಲಾ ನಕ್ಕ. ಆಮೇಲೆ ಶಶಿರೇಖಾಳ ಕಡೆ ತಿರುಗಿ ಮೆತ್ತಗೆ ಹೇಳಿದ: "ನೋಡಿ ಅಕ್ಕಾ, ಕುಂಕುಮ, ತುಕ್ಕು, ಹರಕು ಇದ್ರೆ ರೇಟು ಸ್ವಲ್ಪ ಇಳಿಯುತ್ತೆ, ಅಷ್ಟೇ. ನಾನು ಅದನ್ನೆಲ್ಲಾ ನೋಡೇ ರೇಟು ಹೇಳಿದ್ದು. ಆದ್ರೆ ತೊಳೆದಿದ್ದು, ಅಂಟಿಸಿದ್ದು ಅಂದ್ರೆ ಈ ವ್ಯಾಪಾರದೋರು ಬೇರೆ ಲೇಬಲ್ಲೇ ಅಂಟಿಸ್ತಾರೆ, ರಿಪೇರಿ ಮಾಲು ಅಂತ. ಅಂಟಿಸಿದ್ದನ್ನಾದ್ರೂ ಗೊತ್ತಿರೋರ ಕೈಲಿ ಬಿಡಿಸ್ಬಹುದು. ಕತ್ತರಿಸಿದ ಅಂಚು ಎಲ್ಲಿಂದ ತರೋದು?"

"ಎಷ್ಟಕ್ಕೆ ಹೋಗುತ್ತೆ?"

"ಹೇಳಿದ್ರಲ್ಲಿ ಕಾಲು ಭಾಗ. ಅದೂ ಗಿರಾಕಿ ಒಳ್ಳೆಯೋನು ಸಿಕ್ಕಿದ್ರೆ."

ಮಳಿಗೆ ಹೋಯಿತು ಎಂದುಕೊಂಡಳು ಶಶಿರೇಖಾ. ಕರೆಂಟು ಹೋಯಿತು ಎಂದುಕೊಳ್ಳುವ ಹಾಗೆ.

ಅವನು ಫೋನಿನ ಟಾರ್ಚು ಹಾಕಿ ಪುಸ್ತಕವನ್ನು ಓರೆ ಮಾಡಿ ನೋಡುತ್ತಿದ್ದ. ಬೆನ್ನಿನ ಹತ್ತಿರ ಬೆರಳು ನಿಂತಿತು. "ಈ ಕಪ್ಪೂ ನೀವೇ ಹಚ್ಚಿದ್ದಾ?"

"ಯಾವ ಕಪ್ಪು?"

ಅವನು ತೋರಿಸಿದ. ಮಡಿಕೆಯಲ್ಲಿ ಬಣ್ಣ ಸವೆದು ಬಿಳಿ ಕಂಡಿದ್ದ ಜಾಗಕ್ಕೆಲ್ಲ ಯಾರೋ ಮಸಿ ತುಂಬಿದ್ದರು. ನೇರ ನೋಡಿದರೆ ಏನೂ ಇಲ್ಲ. ಬೆಳಕು ಅಡ್ಡ ಬಿದ್ದರೆ ಅಷ್ಟೂ ಉದ್ದ ನೇರಳೆ ಮಿಂಚುತ್ತಿತ್ತು.

"ನಾನಲ್ಲ," ಎಂದಳು.

ಅತ್ತೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. "ಅದು ನಮ್ ಏಮಂತಂದೇ ಕೆಲ್ಸ. ಐಸ್ಕೂಲಲ್ಲಿದ್ದಾಗ ದಿನಾ ಬಾಗ್ಲಲ್ಲಿ ಕುಂತ್ಕಂಡು ಇದಕ್ಕೆ ಮಸಿ ಅಚ್ಚೋನು. ಚಾಪೆ ಮ್ಯಾಲೆಲ್ಲಾ ಚೆಲ್ಲಿ ನನ್ ಕೈಲಿ ಒದೆ ತಿಂದಿದ್ದ. ಯಾರಿಗೂ ಏಳ್ಬ್ಯಾಡ ಅಂತ ಅತ್ಕಂಡು ಕೇಳ್ದ."

ಜಿಯಾವುಲ್ಲಾ ಟಾರ್ಚು ಆರಿಸಿದ. "ಹಾಗಾದ್ರೆ ನೀವು ಮುಟ್ಟದೇ ಇದ್ರೂ ಇದು ರಿಪೇರಿ ಮಾಲೇ ಅಕ್ಕಾ. ಅರ್ಧ ಸಿಗ್ತಿತ್ತೇನೋ. ನಾನು ಹೇಳಿದ ರೇಟಂತೂ ಸಿಗ್ತಿರ್ಲಿಲ್ಲ. ಫೋಟೋದಲ್ಲಿ ನನಗೂ ಕಾಣ್ಲಿಲ್ಲ."

ಯಾರೂ ಕೈ ಇಟ್ಟಿಲ್ಲ ಎಂದು ಆಣೆ ಮಾಡಿದ ಹಾಗೆ ಹೇಳುತ್ತಿದ್ದವನು ಹೇಮಂತ. ಈಗ ಸಿಟ್ಟು ಬರಬೇಕು ಎಂದು ಶಶಿರೇಖಾ ಒಂದು ಗಳಿಗೆ ಕಾದಳು. ಬರಲಿಲ್ಲ. ನಗುವೂ ಬರಲಿಲ್ಲ.

"ಏನೂ ಏಳ್ದೇ ಮಾರ್ಬುಡಪ್ಪ," ಎಂದರು ಅತ್ತೆ. "ಇಷ್ಟು ಚೆಂದಾಗೈತೆ. ಯಾರ್ಗ್ ಗೊತ್ತಾಯ್ತದೆ?"

ಜಿಯಾವುಲ್ಲಾ ಕುತ್ತಿಗೆ ಕೆರೆದುಕೊಂಡ. "ಗೊತ್ತಾಗದೇ ಇರೋ ಹೊಸಬರು ಇದಾರೆ ಅಜ್ಜೀ. ಪೂರ್ತಿ ರೇಟು ಕೊಡ್ತಾರೆ. ನಾನು ಇದುವರ್ಗೂ ಹಂಗೆ ಮಾಡಿಲ್ಲ. ಆದ್ರೆ ನಿಮ್ಮನೆ ಪರಿಸ್ಥಿತಿ ನೋಡಿದ್ರೆ... ಅಕ್ಕ ಏನ್ ಹೇಳ್ತಾರೋ."

ಅಡ್ವಾನ್ಸು, ಬೀಗದ ಕೈ, ಮೇನ್ ರೋಡು. ಒಂದು ಮಾತು ಆಡದೇ ಸುಮ್ಮನಿದ್ದರೆ ಸಾಕಿತ್ತು.

"ಬೇಡ," ಎಂದಳು. "ಬಿಚ್ಚಿ ಹೊಲಿದ ಬ್ಲೌಸನ್ನ ಹೊಸದು ಅಂತ ಕೊಟ್ಟಿದ್ರೆ ನಾನು ಮಿಷನ್ ಮಾರಿ ಎಷ್ಟೋ ವರ್ಷ ಆಗ್ತಿತ್ತು. ತಗೊಂಡೋರು ಒಂದಿನ ಹೊಲಿಗೆ ಬಿಚ್ತಾರೆ. ನಾನು ಮಾಡಿದ್ದು, ನಮ್ಮನೆಯೋರು ಮಾಡಿದ್ದು, ಎರಡನ್ನೂ ಹೇಳಿ ಮಾರಿ."

"ಎರಡೂನಾ?"

"ಎರಡೂ. ಅವ್ರೇನು ಬಂದು ಕೇಳಲ್ಲ ಈಗ."

ಅತ್ತೆ ಸೆರಗು ಸರಿ ಮಾಡಿಕೊಂಡು ಒಳಗೆ ಹೋದರು. ಜಿಯಾವುಲ್ಲಾ ಟ್ರಂಕಿನ ಕಡೆ ನೋಡಿ ಹೆದರಿಕೊಂಡೇ ಕೇಳಿದ: "ಮಿಕ್ಕಿದ್ದಕ್ಕೂ ಇಸ್ತ್ರಿ ಆಯ್ತಾ?"

"ಪುರಸೊತ್ತಾಗ್ಲಿಲ್ಲ."

"ಬಚ್ಗಯಾ, ಉಳ್ಕೊಂಡ್ವು! ಅದನ್ನ ಒರೆಸೋಕೂ ಹೋಗ್ಬೇಡಿ."

ಅವನು ಒಂದೊಂದನ್ನೇ ಬೆಳಕಿಗೆ ಹಿಡಿದು, ಮಸಿ ಇಲ್ಲದವನ್ನು ಬೇರೆ ಮಾಡಿ, ಕುಂಕುಮದ ಸಮೇತ ಚೀಲಕ್ಕೆ ಹಾಕಿಕೊಂಡ. ಮೊದಲ ಸಂಚಿಕೆಯನ್ನೂ ಕಾಲು ಭಾಗದ ರೇಟಿಗೆ ತಗೊಂಡ. ಎಲ್ಲ ಸೇರಿಸಿದರೂ ಅಡ್ವಾನ್ಸಿನ ಅರ್ಧ ದಾಟಲಿಲ್ಲ. ಅವನು ಹೋದ ಮೇಲೆ ಶಶಿರೇಖಾ ಮುನಿವೆಂಕಟಯ್ಯನವರಿಗೆ ಫೋನ್ ಮಾಡಿದಳು.

"ಅರ್ಧಕ್ಕೆ ಮಳಿಗೆ ಆಗಲ್ಲಮ್ಮ. ಬೇಜಾರು ಮಾಡ್ಕೋಬೇಡ."

"ಮಳಿಗೆ ಪಾನಿಪುರಿಯವನಿಗೇ ಕೊಡಿ ಅಣ್ಣಾ. ಪಕ್ಕದಲ್ಲಿ ಮಹಡಿ ಮೆಟ್ಟಿಲ ಕೆಳಗೆ ಜಾಗ ಇದ್ಯಲ್ಲ, ಈ ಅರ್ಧಕ್ಕೆ ಅದನ್ನ ಕೊಡಿ. ಮಿಷನ್ನೂ ನಾನೂ ಹಿಡಿಸ್ತೀವಿ."

"ಅಲ್ಲಿ ಶಟರ್ ಇಲ್ಲ ಕಣಮ್ಮ. ಮಳೆ ಬಂದ್ರೆ ಎರಚ್ಲು ಹೊಡಿಯುತ್ತೆ."

"ಟಾರ್ಪಾಲು ಕಟ್ಟಿಸ್ಕೋತೀನಿ. ಶಟರ್ ಇಲ್ಲ ಅಂದ್ಮೇಲೆ ಬಾಡಿಗೆನೂ ಅರ್ಧ ತಾನೇ?"

ಆ ಕಡೆ ಮುನಿವೆಂಕಟಯ್ಯ ನಕ್ಕರು. ಆಮೇಲೆ, "ಆಯ್ತು ಬಾರಮ್ಮ, ಭಾನುವಾರ ನೋಡ್ಕೊಂಡು ಹೋಗು," ಎಂದರು.

ಅವಳು ಫೋನ್ ಇಟ್ಟಳು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅತ್ತೆ ಹತ್ತಿರ ಬಂದು ಅವಳ ಮುಖವನ್ನೇ ನೋಡಿದರು.

"ಕುಸಿ ಆಯ್ತೇನೇ?"

ಶಶಿರೇಖಾ ಯೋಚಿಸಿದಳು.

"ಗೊತ್ತಿಲ್ಲ ಅತ್ತೆ. ಜಾಗ ಆಯ್ತು."