ಹತ್ತು ಗಂಟೆ ನಾಲ್ಕು ನಿಮಿಷ

ಇನ್ನೊಂದು ಸುತ್ತು. ಮೇಜಿನ ಕಾಲನ್ನು ಒದ್ದಳು. ಕುರ್ಚಿ ಗಿರ್ರನೆ ತಿರುಗಿತು. ಕಿಟಕಿ, ಕಪಾಟು, ಹಿಂದಿನ ಡೀನರ ಫೋಟೋಗಳ ಸಾಲು, ಮತ್ತೆ ಕಿಟಕಿ. ಇಪ್ಪತ್ತಾರು ವರ್ಷ ಗಣಿತ ಪಾಠ ಹೇಳಿ ಸೀಮೆಸುಣ್ಣದ ಪುಡಿ ಕುಡಿದದ್ದಕ್ಕೆ, ಇವತ್ತು ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಅವಳು ವಿಶ್ವವಿದ್ಯಾಲಯದ ಡೀನ್ ಆಗಿದ್ದಳು. ಅಧಿಕಾರ ವಹಿಸಿಕೊಳ್ಳುವ ಪುಸ್ತಕದಲ್ಲಿ ವೇಳೆಯನ್ನೂ ಬರೆಯಬೇಕಿತ್ತು. ಖುಷಿಯ ಅವಸರಕ್ಕೆ ನಾಲ್ಕರ ಅಂಕಿ ಸೊಟ್ಟಗಾಗಿತ್ತು.

ತಂಗಿಯ ಫೋನು ಬಂತು.

"ಅಕ್ಕಾ, ಕುರ್ಚಿ ತಿರುಗುತ್ತೇನೇ?"

"ತಿರುಗುತ್ತೆ ಕಣೇ! ತಲೇನೂ ತಿರುಗ್ತಿದೆ."

"ಮತ್ತೆ ಕೆಲಸ?"

"ಏನು ಕೆಲಸ? ಸಹಿ ಹಾಕೋದು."

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮೇಜಿನ ಮೇಲೊಂದು ಗುಂಡಿ ಇತ್ತು. ಒತ್ತಿದರೆ ಬಾಗಿಲಾಚೆ ಕೆಂಪು ದೀಪ ಹತ್ತಿ, ಯಾರೂ ಒಳಗೆ ಬರುವಂತಿರಲಿಲ್ಲ. ಒತ್ತಿದಳು, ಆರಿಸಿದಳು, ಮತ್ತೆ ಒತ್ತಿದಳು. ಮಕ್ಕಳಾಟವೆಂದು ಗೊತ್ತಿದ್ದೂ ಒತ್ತಿದಳು.

ಕೊನೆಗೆ ದೀಪ ಆರಿದ್ದು ನಾಲ್ಕೂವರೆಗೆ. ಅವಳ ಸಂಶೋಧನಾ ವಿದ್ಯಾರ್ಥಿನಿ ಪ್ರಬಂಧವನ್ನು ಎದೆಗವಚಿಕೊಂಡು ಒಳಗೆ ಬಂದಳು, ಹಿಂದೆಯೇ ಕಚೇರಿಯ ಸೂಪರಿಂಟೆಂಡೆಂಟ್. ಎಂಟು ವರ್ಷದ ದುಡಿಮೆ ಅದು. ಐದರೊಳಗೆ ಸಲ್ಲಿಸದಿದ್ದರೆ ನೋಂದಣಿ ರದ್ದು. ಮಾರ್ಗದರ್ಶಕಿಯ ಸಹಿಯೊಂದೇ ಬಾಕಿ.

"ಬೆಳಿಗ್ಗೆ ಒಂಬತ್ತರಿಂದ ಹೊರಗೇ ಕೂತಿದ್ದೆ, ಮೇಡಂ. ನೀವು ಒಳಗೆ ಓಡಿಬಿಟ್ರಿ."

"ಕೂಗಬಾರದಿತ್ತೇನೇ?"

"ನೀವು ನಗ್ತಾ ಇದ್ರಿ."

ಅವಳು ಅವಸರದಿಂದ ಪೆನ್ನು ತೆಗೆದಳು. ಸೂಪರಿಂಟೆಂಡೆಂಟ್ ಕೆಮ್ಮಿದ.

"ಡೀನ್ ಆದವರು ಮಾರ್ಗದರ್ಶಕರಾಗಿ ಸಹಿ ಹಾಕೋ ಹಾಗಿಲ್ಲ, ಮೇಡಂ. ಹತ್ತು ಗಂಟೆ ನಾಲ್ಕು ನಿಮಿಷಕ್ಕಿಂತ ಮುಂಚೆ ಹಾಕಿದ್ರೆ ನಡೀತಿತ್ತು."

"ಈಗ?"

"ವಿಶೇಷ ಅನುಮತಿಗೆ ಅರ್ಜಿ ಕೊಡ್ಬೇಕು."

"ಯಾರಿಗೆ?"

"ಡೀನ್ ಅವರಿಗೆ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೂಪರಿಂಟೆಂಡೆಂಟ್ ಮರ್ಯಾದೆಗೆ ನಕ್ಕ. ವಿದ್ಯಾರ್ಥಿನಿ ಗಡಿಯಾರ ನೋಡುತ್ತಿದ್ದಳು. ಅದನ್ನು ಕಂಡು ನಗುತ್ತಿದ್ದವಳಿಗೆ ನಾಚಿಕೆಯಾಯಿತು; ನಗು ಮಾತ್ರ ನಿಲ್ಲಲೊಲ್ಲದು.

'ಮಾನ್ಯ ಡೀನ್ ಅವರಿಗೆ' ಎಂದು ಶುರುಮಾಡಿ ನಾಲ್ಕು ಸಾಲು ಗೀಚಿದಳು.

"ಯಾವ ಅರ್ಜಿಯಾದ್ರೂ ಹೊರಗೆ ನಂಬರ್ ಹಾಕಿಸಿಕೊಂಡೇ ಒಳಗೆ ಬರ್ಬೇಕು," ಎಂದ ಸೂಪರಿಂಟೆಂಡೆಂಟ್.

ಏಳುವಾಗ ಕುರ್ಚಿ ಗಿರ್ರೆಂದಿತು. ದಿನವಿಡೀ ಪಳಗಿದ ಬೆರಳು ತಾನಾಗಿಯೇ ಗುಂಡಿ ಒತ್ತಿತು. ಮೂವರೂ ಹೊರಗೆ ಬಂದರು; ಸೂಪರಿಂಟೆಂಡೆಂಟ್ ತನ್ನ ಮೇಜಿಗೆ ಹೋದ.

ಬಾಗಿಲ ಬಳಿಯ ಜವಾನ ಪುಸ್ತಕದಿಂದ ತಲೆಯೆತ್ತದೆ ಅರ್ಜಿಗೆ ನಂಬರ್ ಹಾಕಿದ. ಅವಳು ಬಾಗಿಲಿಗೆ ಕೈಯಿಟ್ಟಳು.

"ಕೂತ್ಕೊಳ್ಳಿ. ಕೆಂಪು ದೀಪ ಇದೆ."

"ಒಳಗೆ ಯಾರಿದಾರೆ?"

"ಡೀನ್ ಮೇಡಂ. ಬಿಜಿ ಇದಾರೆ."

ಹೇಳಬೇಕೆಂದು ಬಾಯಿ ತೆರೆದಳು, ಬಂದದ್ದು ನಗು. ಬೆಂಚಿನಲ್ಲಿ ವಿದ್ಯಾರ್ಥಿನಿಯ ಪಕ್ಕ ಅರ್ಜಿ ಹಿಡಿದು ಕೂತಳು. ಐದಕ್ಕೆ ಎಂಟು ನಿಮಿಷವಿತ್ತು. ಬಾಗಿಲ ಗಾಜಿನೊಳಗೆ ಕುರ್ಚಿ, ಖಾಲಿ ಕುರ್ಚಿ, ಇನ್ನೂ ಮೆಲ್ಲಗೆ ತಿರುಗುತ್ತಿತ್ತು.